ಮನೆಯ ವೈಫೈ ಮೂಲಕ ಸರ್ಕಾರಿ ಸೇವಾ ಜಾಲತಾಣಗಳು ತೆರೆಯದಿದ್ದಲ್ಲಿ: ಅರ್ಜಿದಾರರಿಗೆ ಮಾಹಿತಿ

ಸೇವಾ ಸಿಂಧು, ನಾಡಕಚೇರಿ, ಭೂಮಿ, ಪಂಚತಂತ್ರ ಮುಂತಾದ ಜಾಲತಾಣಗಳ ಮುಖಾಂತರ ನಾಗರಿಕರು ತಮ್ಮ ಮನೆಯಿಂದಲೇ ಅರ್ಜಿ ಸಲ್ಲಿಸಲು ಅವಕಾಶ ಕಲ್ಪಿಸಲಾಗಿದೆ. ವಿಜಯಪುರ ಜಿಲ್ಲೆ, ಬಬಲೇಶ್ವರ ತಾಲ್ಲೂಕಿನ ಸಾರವಾಡದಂತಹ ಗ್ರಾಮಗಳಲ್ಲಿಯೂ ಈಗ ವೈರ್‌ಲೆಸ್ ರೂಟರ್ ಇರಿಸಿಕೊಂಡಿರುವ ಕುಟುಂಬಗಳಿವೆ. ಆದರೆ ಉಳಿದೆಲ್ಲ ಜಾಲತಾಣಗಳು ಸರಾಗವಾಗಿ ತೆರೆಯುತ್ತಿದ್ದು, ಬೇಕಾದ ಸರ್ಕಾರಿ ಜಾಲತಾಣವೊಂದು ಮಾತ್ರ ತೆರೆಯದೇ ಇರುವ ಸಂದರ್ಭಗಳು ಉಂಟಾಗುತ್ತವೆ. ಇಂತಹ ವೇಳೆ ದೋಷವು ಎಲ್ಲಿದೆ ಎಂಬುದನ್ನು ಅರ್ಜಿದಾರರು ಸ್ವತಃ ಗುರುತಿಸಿಕೊಳ್ಳಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

ಇದು ಕೇವಲ ಅನುಕೂಲದ ವಿಷಯವಲ್ಲ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಪ್ರಕಾರ ನಿಗದಿತ ಕಾಲಮಿತಿಯು ಅರ್ಜಿ ಸ್ವೀಕೃತವಾದ ನಂತರವೇ ಆರಂಭವಾಗುತ್ತದೆ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕು ಸಹ ಸ್ವೀಕೃತಿ ಸಂಖ್ಯೆ ಉಳ್ಳವರಿಗೆ ಮಾತ್ರ ದೊರೆಯುತ್ತದೆ. ಜಾಲತಾಣ ತೆರೆಯದೆ ಕಳೆದ ನಾಲ್ಕು ದಿನಗಳನ್ನು ಯಾವ ಕಚೇರಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಇಲ್ಲದೆ ವಿದ್ಯಾರ್ಥಿವೇತನದ ಅರ್ಜಿ ಮುಂದುವರಿಯದು. ಬೆಳೆ ವಿಮೆಗಂತೂ ಕೊನೆಯ ದಿನಾಂಕ ಮುಗಿದರೆ ಮುಗಿಯಿತು. ಆದ್ದರಿಂದ ದೋಷ ತಮ್ಮ ಮನೆಯಲ್ಲಿದೆಯೋ ಇಲಾಖೆಯಲ್ಲಿದೆಯೋ ಎಂಬುದು ಅರ್ಜಿದಾರರಿಗೆ ಬೇಗ ತಿಳಿಯುವುದು ಅಗತ್ಯ.

ಮೊದಲು ತಾಳೆ ನೋಡುವುದು

ಲೆಕ್ಕಪತ್ರದಲ್ಲಿ ಜಮಾ ಮತ್ತು ಖರ್ಚು ಹೊಂದದಿದ್ದಾಗ ಇಡೀ ಪುಸ್ತಕವನ್ನು ತಿದ್ದಲು ಹೊರಡುವವರಿಲ್ಲ. ವ್ಯತ್ಯಾಸ ಯಾವ ಪುಟದಲ್ಲಿ ಹುಟ್ಟಿತೆಂದು ಹುಡುಕುತ್ತಾರೆ. ಇಲ್ಲಿಯೂ ಅದೇ ಕ್ರಮ. ದೋಷವು ಇರಬಹುದಾದ ಸ್ಥಳಗಳು ಅರ್ಜಿದಾರರ ಮೊಬೈಲ್ ಅಥವಾ ಕಂಪ್ಯೂಟರ್, ಮನೆಯ ರೂಟರ್, ಅಂತರಜಾಲ ಸಂಪರ್ಕ ನೀಡಿರುವ ಸೇವಾದಾರರು ಮತ್ತು ಇಲಾಖೆಯ ಸರ್ವರ್.

ಮೊಬೈಲ್‌ನಲ್ಲಿ ವೈಫೈ ಆರಿಸಿ, ಸಿಮ್‌ನ ಡೇಟಾ ಮೂಲಕ ಅದೇ ಜಾಲತಾಣವನ್ನು ತೆರೆಯತಕ್ಕದ್ದು. ತೆರೆದರೆ ಇಲಾಖೆಯ ಸರ್ವರ್ ಸರಿಯಾಗಿದೆ, ಮೊಬೈಲ್ ಸಹ ಸರಿಯಾಗಿದೆ. ದೋಷವು ರೂಟರ್‌ನಲ್ಲಿ ಅಥವಾ ಮನೆಯ ಸಂಪರ್ಕದಲ್ಲಿದೆ. ತೆರೆಯದಿದ್ದರೆ ಬೇರೊಬ್ಬರ ಮೊಬೈಲ್‌ನಲ್ಲಿ, ಅವರದೇ ಡೇಟಾ ಮೂಲಕ ಪ್ರಯತ್ನಿಸಬೇಕು. ಅಲ್ಲಿಯೂ ತೆರೆಯದಿದ್ದಲ್ಲಿ ಸರ್ವರ್ ಕಡೆಯ ಅಡಚಣೆ ಎಂದು ಬಹುಮಟ್ಟಿಗೆ ತೀರ್ಮಾನಿಸಬಹುದು. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ಕೃತಕ ಕೋರಿಕೆಗಳನ್ನು ರಾಶಿಯಾಗಿ ಸುರಿಯುವ ಸೈಬರ್ ದಾಳಿ ನಡೆದು, ಆಸ್ತಿ ನೋಂದಣಿ ಕಾರ್ಯಕ್ಕೆ ರಾಜ್ಯದಾದ್ಯಂತ ಅಡಚಣೆಯಾಗಿತ್ತು. ಅಂತಹ ದಿನಗಳಲ್ಲಿ ಮನೆಯ ರೂಟರ್ ಬಿಚ್ಚಿ ಕುಳಿತುಕೊಳ್ಳುವುದರಿಂದ ಪ್ರಯೋಜನವಿಲ್ಲ.

ಡೇಟಾದಲ್ಲಿ ತೆರೆದು ವೈಫೈನಲ್ಲಿ ತೆರೆಯದಿದ್ದಲ್ಲಿ ಮಾತ್ರ ಮುಂದಿನ ವಿವರಗಳನ್ನು ಓದಬೇಕಾಗಿ ಕೋರಲಾಗಿದೆ.

ಪರದೆಯ ಮೇಲಿನ ಸಂದೇಶ

ಸಾಮಾನ್ಯವಾಗಿ ಜನರು ಸಂದೇಶವನ್ನು ಓದದೆ ಪುಟವನ್ನು ಮುಚ್ಚುತ್ತಾರೆ. ಸರ್ವರ್ ಸಿಗಲಿಲ್ಲ ಎಂಬ ಅರ್ಥದ ಸಂದೇಶ ಬಂದರೆ ಹೆಸರು ಪತ್ತೆಯ ದೋಷ. ಇದನ್ನು ಮುಂದೆ ವಿವರಿಸಲಾಗಿದೆ. ರೂಟರ್ ತಯಾರಕರ ಗುರುತು ಇರುವ ಪುಟವೊಂದು ಬಂದು ಈ ತಾಣವನ್ನು ತಡೆಯಲಾಗಿದೆ ಎಂದು ತಿಳಿಸಿದರೆ, ಮನೆಯವರೇ ಯಾವಾಗಲೋ ಹಾಕಿದ ತಡೆ ಅದು. ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬಂದಲ್ಲಿ ಮೊದಲು ಕಂಪ್ಯೂಟರಿನ ದಿನಾಂಕ ಮತ್ತು ಸಮಯ ಸರಿಯಿದೆಯೇ ಎಂದು ನೋಡತಕ್ಕದ್ದು. ಅವು ಸರಿಯಿದ್ದೂ ಎಚ್ಚರಿಕೆ ಮುಂದುವರಿದರೆ ಅದನ್ನು ದಾಟಿ ಹೋಗಿ ಆಧಾರ್ ಸಂಖ್ಯೆ ಅಥವಾ ಬ್ಯಾಂಕ್ ವಿವರ ನಮೂದಿಸಬಾರದು. ಪ್ರವೇಶ ನಿರಾಕರಿಸಲಾಗಿದೆ ಎಂದು ಬಂದಲ್ಲಿ ಮೊಬೈಲ್‌ನಲ್ಲಿಯೋ ರೂಟರ್‌ನಲ್ಲಿಯೋ ವಿ.ಪಿ.ಎನ್. ಚಾಲನೆಯಲ್ಲಿದೆಯೇ ಎಂದು ಪರಿಶೀಲಿಸಿ, ಇದ್ದರೆ ನಿಲ್ಲಿಸಬೇಕು. ಕೆಲವು ಸರ್ಕಾರಿ ಜಾಲತಾಣಗಳು ವಿದೇಶದ ವಿಳಾಸದಿಂದ ಬರುವ ಕೋರಿಕೆಗಳನ್ನು ಸ್ವೀಕರಿಸುವುದಿಲ್ಲ.

ರೂಟರ್‌ನಲ್ಲಿರುವ ತಡೆಗಳು

2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿ ಮನೆಯಲ್ಲಿಯೇ ಆನ್‌ಲೈನ್ ತರಗತಿಗಳು ನಡೆದಾಗ, ಮಕ್ಕಳು ಆಟ ಮತ್ತು ಚಲನಚಿತ್ರಗಳ ಕಡೆ ಹೋಗದಿರಲೆಂದು ಪಾಲಕರು ರೂಟರ್‌ನಲ್ಲಿ ತಡೆ ಹಾಕಿಸುವುದು ಸಾಮಾನ್ಯವಾಯಿತು. ಉದ್ದೇಶ ಒಳ್ಳೆಯದೇ. ಮಕ್ಕಳು ಕಾಲೇಜಿಗೆ ಹೋದರೂ ತಡೆ ಅಲ್ಲಿಯೇ ಉಳಿಯುತ್ತದೆ, ಹಾಕಿದವರಿಗೆ ಮರೆತಿರುತ್ತದೆ.

ಇವುಗಳಲ್ಲಿ ಪದ ಆಧಾರಿತ ತಡೆಯು ಹೆಚ್ಚು ತೊಂದರೆ ಕೊಡುವಂತಹುದು. ರೂಟರ್ ಪದದ ಅರ್ಥವನ್ನು ನೋಡುವುದಿಲ್ಲ, ಅಕ್ಷರಗಳನ್ನು ಮಾತ್ರ ಹೋಲಿಸುತ್ತದೆ. ಉದಾಹರಣೆಗೆ, ಮಕ್ಕಳು ಅಪರಿಚಿತರೊಂದಿಗೆ ಹರಟೆ ಹೊಡೆಯದಿರಲೆಂದು ‘ಚಾಟ್’ ಎಂಬ ಇಂಗ್ಲಿಷ್ ಪದವನ್ನು ತಡೆಪಟ್ಟಿಗೆ ಸೇರಿಸಿದ್ದಾರೆ ಎನ್ನೋಣ. ಗ್ರಾಮ ಪಂಚಾಯಿತಿಗಳ ‘ಪಂಚತಂತ್ರ’ ಜಾಲತಾಣದ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ನೋಡಿದರೆ, ಆ ಪದದ ನಾಲ್ಕೂ ಅಕ್ಷರಗಳು ಅದರ ನಡುವೆ ಸಾಲಾಗಿ ನಿಂತಿರುತ್ತವೆ. ಹೀಗಾಗಿ ಪಂಚಾಯಿತಿಯ ಜಾಲತಾಣವೇ ಮನೆಯಲ್ಲಿ ತೆರೆಯದೆ ಹೋಗಬಹುದು. ಇಂತಹ ಚಿಕ್ಕ ಪದಗಳನ್ನು ಪಟ್ಟಿಯಿಂದ ತೆಗೆದು, ತಡೆಯಬೇಕಾದ ತಾಣದ ಪೂರ್ಣ ಹೆಸರನ್ನೇ ಬರೆಯುವುದು ಸೂಕ್ತ.

ಇದಕ್ಕೆ ತದ್ವಿರುದ್ಧವಾದದ್ದು ಅನುಮತಿ ಪಟ್ಟಿ. ಅದರಲ್ಲಿ ಬರೆದ ತಾಣಗಳನ್ನು ಮಾತ್ರ ರೂಟರ್ ಬಿಡುತ್ತದೆ. ಸೇವಾ ಸಿಂಧುವಿನ ಹೆಸರು ಸೇರಿಸಿದ ಮೇಲೂ ಅರ್ಜಿ ಅರ್ಧಕ್ಕೆ ನಿಲ್ಲಬಹುದು. ಕಾರಣ, ಶುಲ್ಕ ಪಾವತಿ ಮತ್ತು ಆಧಾರ್ ಆಧಾರಿತ ಇ-ಸಹಿ ಬೇರೆ ಬೇರೆ ತಾಣಗಳಲ್ಲಿ ನಡೆಯುತ್ತವೆ. ಎಲ್ಲ ಕಲಂಗಳನ್ನು ತುಂಬಿ, ದಾಖಲೆಗಳನ್ನು ಲಗತ್ತಿಸಿ, ಸಹಿಯ ಹಂತದಲ್ಲಿ ಬಿಳಿ ಪುಟ ಬಂದಲ್ಲಿ ಇದನ್ನೇ ಶಂಕಿಸತಕ್ಕದ್ದು. ಅರ್ಜಿ ಸಲ್ಲಿಸುವಷ್ಟು ಹೊತ್ತು ಅನುಮತಿ ಪಟ್ಟಿಯ ವ್ಯವಸ್ಥೆಯನ್ನು ನಿಲ್ಲಿಸುವುದೇ ಸುಲಭ.

ಸಮಯದ ತಡೆಯ ವಿಚಾರವೂ ಇದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತಡೆ ಇರಲೆಂದು ಹಾಕಿರುತ್ತಾರೆ. ಆದರೆ ರೂಟರ್‌ನ ಗಡಿಯಾರವು ಭಾರತೀಯ ಕಾಲಮಾನದ ಬದಲು ಗ್ರೀನಿಚ್ ಕಾಲಮಾನದಲ್ಲಿ ಇದ್ದರೆ ಐದೂವರೆ ಗಂಟೆಯ ಅಂತರ ಬಿದ್ದು, ತಡೆಯು ನಸುಕಿನ 3.30ರಿಂದ ಬೆಳಿಗ್ಗೆ 11.30ರವರೆಗೆ ಜಾರಿಯಲ್ಲಿರುತ್ತದೆ. ಮನೆಯವರು ಬೆಳಿಗ್ಗೆ ಸರ್ವರ್ ಡೌನ್ ಎಂದೇ ಭಾವಿಸಿ ಕೈಬಿಡುತ್ತಾರೆ. ಪ್ರತಿದಿನ ಒಂದೇ ಗಳಿಗೆಗೆ ಸಂಪರ್ಕ ಸರಿಹೋಗುತ್ತಿದ್ದಲ್ಲಿ ರೂಟರ್‌ನ ಗಡಿಯಾರವನ್ನು ನೋಡಬೇಕು. ಕರೆಂಟ್ ಹೋಗಿ ಬಂದಾಗ ಕೆಲವು ರೂಟರ್‌ಗಳ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುವುದೂ ಉಂಟು.

ಒಂದು ಮೊಬೈಲ್‌ನಲ್ಲಿ ಮಾತ್ರ ತಡೆ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅದು ಉಪಕರಣವಾರು ತಡೆ.

ಹೆಸರು ಮತ್ತು ಸರ್ವೆ ನಂಬರು

ರೂಟರ್‌ನಲ್ಲಿ ಯಾವ ತಡೆಯೂ ಕಾಣದಿದ್ದಲ್ಲಿ ಹೆಸರು ಪತ್ತೆಯ ವ್ಯವಸ್ಥೆಯನ್ನು, ಅಂದರೆ ಡಿ.ಎನ್.ಎಸ್. ಎಂಬುದನ್ನು, ಪರಿಶೀಲಿಸಬೇಕಾಗುತ್ತದೆ. ಇದನ್ನು ನಮ್ಮ ಭಾಗದ ರೈತರಿಗೆ ತಿಳಿಸುವುದು ಕಷ್ಟವಲ್ಲ. ಊರಿನಲ್ಲಿ ಡೋಣಿ ದಂಡೆಯ ಹೊಲ, ಮಡ್ಡಿ ಹೊಲ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಕಚೇರಿಯಲ್ಲಿ ಮಾತ್ರ ಸರ್ವೆ ನಂಬರು ಬೇಕು. ಹಾಗೆಯೇ ನಾವು ಜಾಲತಾಣದ ಹೆಸರನ್ನು ಬರೆಯುತ್ತೇವೆ, ಯಂತ್ರಗಳು ಅಂಕಿಗಳ ವಿಳಾಸದಿಂದ ಒಂದನ್ನೊಂದು ಗುರುತಿಸುತ್ತವೆ. ಹೆಸರಿಗೆ ಅಂಕಿಯನ್ನು ಹುಡುಕಿ ಕೊಡುವ ಕೆಲಸ ಡಿ.ಎನ್.ಎಸ್. ಸರ್ವರಿನದು.

ಜಮೀನು ಮಾರಾಟವಾಗಿದ್ದರೂ ಮ್ಯುಟೇಶನ್ ಆಗುವವರೆಗೆ ಉತಾರದಲ್ಲಿ ಹಳೆಯ ಹೆಸರೇ ಇರುವಂತೆ, ಇಲಾಖೆಯು ಜಾಲತಾಣವನ್ನು ಹೊಸ ಸರ್ವರಿಗೆ ಸ್ಥಳಾಂತರಿಸಿದ ನಂತರವೂ ಕೆಲವು ಸೇವಾದಾರರ ಡಿ.ಎನ್.ಎಸ್. ಸರ್ವರ್ ಹಳೆಯ ಅಂಕಿಯನ್ನೇ ಕೊಡುತ್ತಿರಬಹುದು. ರೂಟರ್ ಸಹ ಹಿಂದೆ ಪಡೆದ ಉತ್ತರವನ್ನು ಸ್ವಲ್ಪ ಕಾಲ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಆದ್ದರಿಂದ ಮೊದಲ ಉಪಾಯವೆಂದರೆ ರೂಟರ್‌ನ ಸ್ವಿಚ್ ಆರಿಸಿ, ಒಂದು ನಿಮಿಷ ಬಿಟ್ಟು ಪುನಃ ಹಾಕುವುದು. ಕಂಪ್ಯೂಟರನ್ನೂ ಮುಚ್ಚಿ ತೆರೆಯುವುದು. ಇದರಿಂದಲೂ ಸರಿಹೋಗದಿದ್ದಲ್ಲಿ ರೂಟರ್‌ನ ಡಿ.ಎನ್.ಎಸ್. ಕಲಂನಲ್ಲಿ 8.8.8.8 ಅಥವಾ 1.1.1.1 ಎಂಬ ಸಾರ್ವಜನಿಕ ವಿಳಾಸವನ್ನು ನಮೂದಿಸಿ ನೋಡಬಹುದು. ಮೊದಲನೆಯದು ಗೂಗಲ್ ಸಂಸ್ಥೆಯದು, ಎರಡನೆಯದು ಕ್ಲೌಡ್‌ಫ್ಲೇರ್ ಸಂಸ್ಥೆಯದು. ಅಲ್ಲಿ ಈಗಾಗಲೇ 1.1.1.3 ಅಥವಾ 208.67.222.123 ಎಂದು ಇದ್ದರೆ, ಯಾರೋ ಕುಟುಂಬ ಸುರಕ್ಷತೆಗಾಗಿ ಸೋಸುವ ಸರ್ವರನ್ನು ಆಯ್ದುಕೊಂಡಿದ್ದಾರೆ ಎಂದು ತಿಳಿಯತಕ್ಕದ್ದು.

ಡಿ.ಎನ್.ಎಸ್. ಕಲಂನಲ್ಲಿ ಮನೆಯವರೂ ಹಾಕದ, ಸೇವಾದಾರರೂ ತಮ್ಮದೆಂದು ಒಪ್ಪದ ಅಂಕಿ ಕಂಡುಬಂದರೆ ಅದನ್ನು ಹಗುರವಾಗಿ ಪರಿಗಣಿಸಬಾರದು. ಡಿ.ಎನ್.ಎಸ್. ಚೇಂಜರ್ ಎಂಬ ದುಷ್ಟ ತಂತ್ರಾಂಶವು ಪ್ರಪಂಚದಾದ್ಯಂತ ಲಕ್ಷಾಂತರ ಕಂಪ್ಯೂಟರುಗಳಲ್ಲಿ ಈ ಅಂಕಿಯನ್ನೇ ಬದಲಾಯಿಸಿ ಬಳಕೆದಾರರನ್ನು ಬೇರೆ ತಾಣಗಳಿಗೆ ತಿರುಗಿಸುತ್ತಿತ್ತು. 2011ರ ನವೆಂಬರ್‌ನಲ್ಲಿ ಅಮೆರಿಕದ ಎಫ್.ಬಿ.ಐ. ಆ ಜಾಲವನ್ನು ಭೇದಿಸಿತು. ಬದಲಿಯಾಗಿ ನಡೆಸಲಾಗುತ್ತಿದ್ದ ಸರ್ವರ್‌ಗಳನ್ನು 2012ರ ಜುಲೈ 9ರಂದು ನಿಲ್ಲಿಸಿದಾಗ, ಸರಿಪಡಿಸಿಕೊಳ್ಳದವರಿಗೆ ಜಾಲತಾಣಗಳನ್ನು ತೆರೆಯಲಾಗದಂತಾಯಿತು. ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರ ಹಾದುಹೋಗುವ ದಾರಿ ಇದು. ಅಪರಿಚಿತ ಅಂಕಿಯನ್ನು ಅಳಿಸಿ, ರೂಟರ್‌ನ ಆಡಳಿತ ಪಾಸ್‌ವರ್ಡನ್ನು ಕೂಡಲೇ ಬದಲಾಯಿಸಬೇಕು.

ಮೊಬೈಲ್‌ನಲ್ಲಿಯೂ ಪ್ರತ್ಯೇಕ ಡಿ.ಎನ್.ಎಸ್. ಹಾಕುವ ಸೌಲಭ್ಯವಿದೆ. ಆಂಡ್ರಾಯ್ಡ್ 9 ಮತ್ತು ನಂತರದವುಗಳಲ್ಲಿ ಪ್ರೈವೇಟ್ ಡಿ.ಎನ್.ಎಸ್. ಎಂಬ ಕಲಂನಲ್ಲಿ ತಪ್ಪು ಹೆಸರಿದ್ದರೆ ವೈಫೈ ಮತ್ತು ಡೇಟಾ ಎರಡರಲ್ಲೂ ತಾಣಗಳು ತೆರೆಯುವುದಿಲ್ಲ. ಅದನ್ನು ಸ್ವಯಂಚಾಲಿತ ಎಂಬ ಆಯ್ಕೆಗೆ ಇಡಬೇಕು.

ರೂಟರ್‌ನ ಒಳಗೆ ಹೋಗುವ ಬಗೆ

ರೂಟರ್‌ನ ಕೆಳಭಾಗದ ಚೀಟಿಯಲ್ಲಿ ಅದರ ವಿಳಾಸ, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಸಾಮಾನ್ಯವಾಗಿ ಮುದ್ರಿತವಾಗಿರುತ್ತವೆ. ವಿಳಾಸವು ಹೆಚ್ಚಾಗಿ 192.168.1.1 ಅಥವಾ 192.168.0.1 ಆಗಿದ್ದು, ಅದನ್ನು ಬ್ರೌಸರಿನಲ್ಲಿ ನಮೂದಿಸಿದರೆ ಆಡಳಿತ ಪುಟ ತೆರೆಯುತ್ತದೆ. ತಡೆಗಳು ಪೇರೆಂಟಲ್ ಕಂಟ್ರೋಲ್, ಯು.ಆರ್.ಎಲ್. ಫಿಲ್ಟರ್, ಫೈರ್‌ವಾಲ್ ಎಂಬ ಶೀರ್ಷಿಕೆಗಳಡಿ ದೊರೆಯುತ್ತವೆ. ಬದಲಾಯಿಸುವ ಮೊದಲು ಇದ್ದ ವಿವರವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಪರೀಕ್ಷಿಸಬೇಕು. ಫೈಬರ್ ಸಂಪರ್ಕದ ಕೆಲವು ರೂಟರ್‌ಗಳ ಪಾಸ್‌ವರ್ಡ್ ಸೇವಾದಾರರ ಬಳಿಯೇ ಇರುತ್ತದೆ. ಅವರಿಗೆ ಕರೆ ಮಾಡಿ ಬದಲಾವಣೆ ಮಾಡಿಸಿಕೊಳ್ಳಬಹುದು.

ರೂಟರ್‌ನ ಹಿಂಬದಿಯ ರೀಸೆಟ್ ರಂಧ್ರದಲ್ಲಿ ಪಿನ್ನು ಚುಚ್ಚುವುದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಬೇಕು. ಅದರಿಂದ ತಡೆಗಳೊಂದಿಗೆ ಸೇವಾದಾರರು ತುಂಬಿದ ಸಂಪರ್ಕದ ಹೆಸರು ಮತ್ತು ಪಾಸ್‌ವರ್ಡ್ ಸಹ ಅಳಿಸಿಹೋಗಬಹುದು. ಆಗ ಒಂದು ಜಾಲತಾಣ ತೆರೆಯದಿದ್ದ ಮನೆಯಲ್ಲಿ ಯಾವುದೂ ತೆರೆಯುವುದಿಲ್ಲ, ಲೈನ್‌ಮನ್ ಬರುವವರೆಗೆ ಕಾಯಬೇಕಾಗುತ್ತದೆ. ಅರ್ಜಿಯ ಕೊನೆಯ ದಿನಾಂಕ ಹತ್ತಿರವಿದ್ದಾಗ ಇದಕ್ಕೆ ಕೈಹಾಕದಿರುವುದೇ ಲೇಸು.

ಸರ್ಕಾರದ ಆದೇಶದ ತಡೆಯೇ?

ಸರ್ಕಾರವೇ ತಾಣವನ್ನು ತಡೆದಿದೆಯೇ ಎಂಬ ಸಂದೇಹವೂ ಮೂಡಬಹುದು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 69ಎ ಮತ್ತು 2009ರ ನಿಯಮಗಳ ಅಡಿಯಲ್ಲಿ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ಕೇಂದ್ರ ಸರ್ಕಾರವು ತಾಣಗಳನ್ನು ತಡೆಯಲು ಆದೇಶಿಸಬಹುದಾಗಿದೆ. 2015ರ ಮಾರ್ಚ್ 24ರ ಶ್ರೇಯಾ ಸಿಂಘಾಲ್ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲಂ 66ಎ ಅನ್ನು ರದ್ದುಪಡಿಸಿ, 69ಎ ಅನ್ನು ಎತ್ತಿಹಿಡಿದಿದೆ. ಸೇವಾ ಜಾಲತಾಣಗಳಿಗೂ ಈ ಆದೇಶಗಳಿಗೂ ಸಂಬಂಧವಿಲ್ಲ. ಅವುಗಳನ್ನು ತೆರೆಯಲು ಹಣ ಕೊಟ್ಟು ವಿ.ಪಿ.ಎನ್. ಕೊಳ್ಳುವಂತೆ ಯಾರಾದರೂ ಸಲಹೆ ನೀಡಿದಲ್ಲಿ ಒಪ್ಪಬಾರದು.

ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ

ಮೊಬೈಲ್ ಡೇಟಾದಲ್ಲಿ ತಾಣ ತೆರೆಯುತ್ತಿದ್ದರೆ ಅದೇ ಮೊಬೈಲ್‌ನ ಹಾಟ್‌ಸ್ಪಾಟ್‌ಗೆ ಕಂಪ್ಯೂಟರನ್ನು ಜೋಡಿಸಿ ಅರ್ಜಿ ಸಲ್ಲಿಸಬಹುದು. ಇಲ್ಲವಾದಲ್ಲಿ ಗ್ರಾಮ ಒನ್ ಕೇಂದ್ರ, ಗ್ರಾಮ ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರ ಅಥವಾ ಹೋಬಳಿಯ ನಾಡಕಚೇರಿಯಲ್ಲಿ, ಆಯಾ ಕೇಂದ್ರದಲ್ಲಿ ಲಭ್ಯವಿರುವ ಸೇವೆಗಳಿಗೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಹೋಗುವಾಗ ಆಧಾರ್‌ಗೆ ಜೋಡಣೆಯಾಗಿರುವ ಮೊಬೈಲನ್ನು ಜೊತೆಯಲ್ಲಿ ಒಯ್ಯತಕ್ಕದ್ದು, ಒ.ಟಿ.ಪಿ. ಅದಕ್ಕೇ ಬರುತ್ತದೆ. ದೋಷವು ಸರ್ವರ್ ಕಡೆಯದೆಂದು ಕಂಡುಬಂದಿದ್ದಲ್ಲಿ ದಿನಾಂಕ ಮತ್ತು ಸಮಯ ಕಾಣುವಂತೆ ಪರದೆಯ ಚಿತ್ರವನ್ನು ತೆಗೆದಿಟ್ಟುಕೊಂಡು, ಸಂಬಂಧಪಟ್ಟ ಕಚೇರಿಗೆ ಲಿಖಿತವಾಗಿ ತಿಳಿಸಿ, ಕಚೇರಿಯಿಂದ ಸ್ವೀಕೃತಿ ಪಡೆಯಬೇಕು. ರೂಟರ್‌ನ ದುರಸ್ತಿಯನ್ನು ಅರ್ಜಿ ಸಲ್ಲಿಸಿ ಸ್ವೀಕೃತಿ ಸಂಖ್ಯೆ ಪಡೆದ ನಂತರ ಬಿಡುವಿನ ದಿನದಲ್ಲಿ ಕೈಗೊಳ್ಳಬಹುದಾಗಿದೆ.