ಕೆರೆಬೇಟೆ: ಮಂಡಿಯುದ್ದ ನೀರಿನ ಲೆಕ್ಕ

ಸೊರಬ, ಸಾಗರ, ಶಿಕಾರಿಪುರ, ಹೊಸನಗರದ ಕಡೆ ಗದ್ದೆ ಬಯಲು ಒಣಗಿ, ಕೆರೆಯ ನೀರು ತೂಬಿನ ಬುಡಕ್ಕೆ ಸರಿಯುವ ಏಪ್ರಿಲ್‌, ಮೇ ತಿಂಗಳಲ್ಲಿ ಊರಿಂದೂರಿಗೆ ಒಂದು ಸುದ್ದಿ ಹಬ್ಬುತ್ತದೆ: ಇಂಥ ದಿನ, ಇಂಥ ಊರಿನಲ್ಲಿ ಕೆರೆಬೇಟೆ. ಒಂದು ಕೂಣಿಗೆ, ಅಂದರೆ ಮೀನು ಹಿಡಿಯುವ ಬುಟ್ಟಿಗೆ, ಇಷ್ಟು ಎಂದು ಊರಿನವರೇ ಶುಲ್ಕ ಗೊತ್ತುಮಾಡುತ್ತಾರೆ. ಕೂಡಿದ ಹಣ ದೇವಸ್ಥಾನಕ್ಕೋ ಊರಿನ ಇನ್ನೊಂದು ಕೆಲಸಕ್ಕೋ ಹೋಗುತ್ತದೆ. ಆ ದಿನ ಬೆಳಗಾಗುವಷ್ಟರಲ್ಲಿ ಏರಿಯ ಮೇಲೆ ಸುತ್ತಲ ಹಳ್ಳಿಗಳ ನೂರಾರು ಜನ ಕೂಣಿ ಹಿಡಿದು ಸಾಲುಗಟ್ಟಿರುತ್ತಾರೆ. ಸೂಚನೆ ಸಿಗುವವರೆಗೆ ಯಾರೂ ನೀರಿಗೆ ಕಾಲಿಡುವಂತಿಲ್ಲ. ಸಿಕ್ಕ ಮೇಲೆ ಯಾರೂ ನಿಲ್ಲುವುದಿಲ್ಲ.

2024ರಲ್ಲಿ ತೆರೆಗೆ ಬಂದ ‘ಕೆರೆಬೇಟೆ’ ಚಿತ್ರದಿಂದ ಈ ಹೆಸರು ಮಲೆನಾಡಿನಾಚೆಗೂ ತಲುಪಿತು. ಆದರೆ ಓಟ, ಕೆಸರು, ಕೇಕೆ ಕಂಡವರಿಗೆ ಇದರೊಳಗಿನ ಲೆಕ್ಕಾಚಾರ ಕಾಣುವುದು ಕಷ್ಟ. ಆ ಎರಡು ಮೂರು ಗಂಟೆಗಳಲ್ಲಿ ಯಾವ ಮೀನು ಸಿಗುತ್ತದೆ, ಎಷ್ಟು ಸಿಗುತ್ತದೆ ಎಂಬುದು ಬಹುಪಾಲು ಅದಕ್ಕೆ ಮೊದಲೇ, ವರ್ಷವಿಡೀ ನೀರು ನಡೆದುಕೊಂಡ ರೀತಿಯಲ್ಲೇ ತೀರ್ಮಾನವಾಗಿರುತ್ತದೆ.

ಮೊದಲು ಕೂಣಿಯ ವಿಷಯ. ಬಿದಿರಿನ ಸೀಳುಗಳನ್ನು ಹೆಣೆದು ಮಾಡಿದ, ಎರಡೂ ಕಡೆ ತೆರೆದ ಬುಟ್ಟಿ ಇದು. ಬುಡ ಅಗಲ, ಮೇಲಿನ ಬಾಯಿ ಕೈ ತೂರುವಷ್ಟು ಕಿರಿದು. ಬುಡದಲ್ಲಿ ಚಾಚಿಕೊಂಡ ಬಿದಿರ ತುದಿಗಳು ಕೆಸರಿಗೆ ನಾಟುತ್ತವೆ. ನೀರಿನಲ್ಲಿ ನಡೆಯುತ್ತ ಹೆಜ್ಜೆ ಹೆಜ್ಜೆಗೂ ಇದನ್ನು ಊರಬೇಕು. ಒಳಗೆ ಸಿಕ್ಕ ಮೀನು ಬಿದಿರಿಗೆ ಬಡಿದರೆ ಅದರ ಅದುರು ಅಂಗೈಗೆ ತಿಳಿಯುತ್ತದೆ. ಆಮೇಲೆ ಮೇಲಿನ ಬಾಯಿಂದ ಕೈಯಿಳಿಸಿ, ಕಣ್ಣಿಗೆ ಏನೂ ಕಾಣದ ರಾಡಿಯಲ್ಲಿ ಮೀನಿನ ತಲೆ ಯಾವುದು ಬಾಲ ಯಾವುದು ಎಂದು ಬೆರಳಲ್ಲೇ ತಿಳಿದು, ಕಿವಿರಿನ ಹತ್ತಿರ ಬಿಗಿಹಿಡಿಯಬೇಕು. ಮುರುಗೋಡು ಎಂಬ ಮೀನು ಸಿಕ್ಕರೆ ಎಚ್ಚರ ಬೇಕು. ಅದರ ಎದೆಯ ರೆಕ್ಕೆಗಳಲ್ಲಿರುವ ಮುಳ್ಳು ಚುಚ್ಚಿದರೆ ದಿನವಿಡೀ ಕೈ ಕಡಿಯುತ್ತದೆ.

ಈ ಬುಟ್ಟಿಯ ಎತ್ತರವೇ ಬೇಟೆಯ ದಿನವನ್ನೂ ಗೊತ್ತುಮಾಡುತ್ತದೆ. ನೀರು ಮಂಡಿಯಿಂದ ತೊಡೆಯವರೆಗೆ ಇದ್ದರೆ ಸರಿ. ಅದಕ್ಕಿಂತ ಏರಿದರೆ ಕೂಣಿಯ ಬಾಯಿ ಮುಳುಗಿ ಮೀನು ಮೇಲಿನಿಂದಲೇ ಪಾರಾಗುತ್ತದೆ, ಕೈಯೂ ತಳ ಮುಟ್ಟುವುದಿಲ್ಲ. ತೀರಾ ಇಳಿದರೆ ಬಿಸಿಲಿಗೆ ಕಾದ ನೀರಿನಲ್ಲಿ ಮೀನು ಮೊದಲೇ ಸಾಯುತ್ತದೆ, ಉಳಿದದ್ದು ಕೊಕ್ಕರೆ, ನೀರುಕಾಗೆಗಳ ಪಾಲು. ದಿನ ಗೊತ್ತುಮಾಡಿದ ಮೇಲೆ ಭರಣಿ ಮಳೆಯೋ ಕೃತ್ತಿಕೆ ಮಳೆಯೋ ಜೋರಾಗಿ ಒಂದು ರಾತ್ರಿ ಸುರಿದರೆ ಎಲ್ಲ ಬದಲಾಗುತ್ತದೆ. ನೀರು ಅರ್ಧ ಅಡಿ ಏರುವುದಷ್ಟೇ ಅಲ್ಲ, ಸೋತಿದ್ದ ಮೀನು ಹೊಸ ನೀರಿನ ತಂಪಿಗೆ ಚುರುಕಾಗುತ್ತದೆ.

ಸೋಲು, ಚುರುಕು ಎರಡರ ಹಿಂದೆಯೂ ಇರುವುದು ಆಮ್ಲಜನಕ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್‌ ನೀರು ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ಹಗಲಲ್ಲಿ ನೀರಿನ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಪಾಚಿಯೂ ಮೀನೂ ಕೆಸರಿನ ಸೂಕ್ಷ್ಮಜೀವಿಗಳೂ ಸೇರಿ ಅದನ್ನೇ ಖರ್ಚುಮಾಡುತ್ತವೆ. ಹಾಗಾಗಿ ನಸುಕಿನಲ್ಲಿ ಕೆರೆ ಅತ್ಯಂತ ಬಡವಾಗಿರುತ್ತದೆ. ಮೋಡ ಮುಚ್ಚಿ ಗಾಳಿಯಾಡದ ದಿನದ ಮರುದಿನವಂತೂ ಕಾಟ್ಲಾ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದನ್ನು ಏರಿಯ ಮೇಲಿಂದಲೇ ನೋಡಬಹುದು. ಇಂಥ ಕೆರೆಗೆ ನೂರಾರು ಜನ ಒಮ್ಮೆಗೇ ಇಳಿದು ಕೆಸರು ಕಲಕಿದರೆ ಉಳಿದ ಆಮ್ಲಜನಕವೂ ತೀರಿ, ನುಣುಪು ಮಣ್ಣು ಕಿವಿರಿಗೆ ಮೆತ್ತಿ, ಮೀನು ದಿಕ್ಕು ತಪ್ಪುತ್ತದೆ. ಎಲ್ಲರೂ ಒಟ್ಟಿಗೇ ಇಳಿಯಬೇಕೆಂಬ ಕಟ್ಟಳೆಯ ನ್ಯಾಯ ಇಲ್ಲಿದೆ: ಮೊದಲು ಇಳಿದವನಿಗೆ ಮೀನು ಕಡಿಮೆ, ನಂತರ ಬಂದವನಿಗೆ ಸಲೀಸು ಎಂಬ ಪಕ್ಷಪಾತ ಇರುವುದಿಲ್ಲ.

ಆದರೆ ಎಲ್ಲ ಮೀನೂ ಹೀಗೆ ಸೋಲುವುದಿಲ್ಲ. ಕೊರವನಿಗೂ ಮುರುಗೋಡಿಗೂ ಕಿವಿರಿನ ಜೊತೆಗೆ ನೇರವಾಗಿ ಗಾಳಿ ಉಸಿರಾಡುವ ಅಂಗವೂ ಇದೆ. ನೀರು ಕೆಟ್ಟಷ್ಟೂ ಇವು ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಮತ್ತೆ ಕೆಸರಿಗೆ ಇಳಿಯುತ್ತವೆ. ಆದ್ದರಿಂದ ಬೇಟೆಯ ಮೊದಲ ಹೊತ್ತಿನಲ್ಲಿ ಕಾಟ್ಲಾ, ರೋಹು ಹೆಚ್ಚು ಸಿಕ್ಕರೆ ಕೊನೆಯವರೆಗೂ ಕೆಸರಲ್ಲಿ ತಡಕುವವರಿಗೆ ಕೊರವ ಒಲಿಯುತ್ತದೆ. ಪಳಗಿದವರು ಗದ್ದಲವಿರುವ ತೂಬಿನ ಗುಂಡಿಯನ್ನು ಬಿಟ್ಟು ಜೊಂಡು ಬೆಳೆದ ಹಿನ್ನೀರಿನ ಅಂಚಿಗೆ ಹೋಗುವುದು ಇದಕ್ಕೇ. ಮಲೆನಾಡಿನ ಅಡುಗೆಮನೆಯಲ್ಲಿ ಕೊರವನಿಗೆ ಇರುವ ಮರ್ಯಾದೆಗೆ ಈ ಶ್ರಮದ ಪಾಲೂ ಇದೆ ಎಂದು ನನಗೆ ಅನ್ನಿಸುತ್ತದೆ.

ಕಾಟ್ಲಾ, ರೋಹು ಎಷ್ಟು ಸಿಗುತ್ತವೆ ಎಂಬುದಕ್ಕೆ ಬೇರೆಯೇ ಕಾರಣ. ಇವು ಹೊಳೆಯ ಗೆಂಡೆ ಜಾತಿಯ ಮೀನುಗಳು, ನಿಂತ ಕೆರೆಯಲ್ಲಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್‌ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಹೊಳೆಯನ್ನು ನೆಚ್ಚದೆ ಕೆರೆಗಳಿಗೆ ಮರಿ ಒದಗಿಸುವ ದಾರಿ ತೆರೆಯಿತು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ಹೋದ ಮಳೆಗಾಲದಲ್ಲಿ ಊರು ಮರಿ ಬಿಟ್ಟಿತ್ತೇ, ಬಿಟ್ಟ ಮರಿ ಬೆರಳುದ್ದವಿತ್ತೇ, ಮೇವಿಗೆ ಬೇಕಾದಷ್ಟು ಕಾಲ ನೀರು ನಿಂತಿತ್ತೇ? ಇವಕ್ಕೆ ಹೌದು ಎಂಬ ಉತ್ತರವಿದ್ದರೆ ಕಾಟ್ಲಾ ವರ್ಷದೊಳಗೆ ಕಿಲೋ ತೂಗುತ್ತದೆ. ತೀರಾ ಸಣ್ಣ ಮರಿ ಬಿಟ್ಟರೆ ಅದು ಕೊರವನ ಹೊಟ್ಟೆಗೆ. ಶುಲ್ಕ ಕೊಟ್ಟು ಬಂದವರಿಗೆ ಮೀನು ಸಿಗದೆ ಏರಿಯ ಮೇಲೆ ಜಗಳವಾದರೆ ಅದರ ಬೇರು ಆ ದಿನದ್ದಲ್ಲ, ಹಿಂದಿನ ಆಷಾಢ ಶ್ರಾವಣದ್ದು.

ಕೊರವ ಹಾಗಲ್ಲ. ಮುಂಗಾರು ಹಿಡಿದಾಗ ಅದು ಕೆರೆಯ ಜೊಂಡಿನಲ್ಲೇ ಮೊಟ್ಟೆಯಿಡುತ್ತದೆ, ಕೆಂಪು ಛಾಯೆಯ ಮರಿಗಳ ಹಿಂಡನ್ನು ತಂದೆತಾಯಿ ಕಾಯುತ್ತವೆ. ಅದನ್ನು ಊರು ಬಿತ್ತಬೇಕಿಲ್ಲ, ಮುಂದಿನ ವರ್ಷಕ್ಕೆ ನಾಲ್ಕು ಜೋಡಿ ಉಳಿಸಿದರೆ ಸಾಕು. ನನ್ನ ಕಾಳಜಿ ಇರುವುದು ಇಲ್ಲಿಯೇ. ಜೆಸಿಬಿ ಬಂದ ಮೇಲೆ ಹೂಳೆತ್ತುವಾಗ ಕೆರೆಯ ಅಂಗಳ ಸಮತಟ್ಟಾಗುತ್ತದೆ, ಅಂಚಿನ ಜೊಂಡು ಬೇರುಸಹಿತ ಹೋಗುತ್ತದೆ. ಬೇಟೆಯ ಮರುದಿನ ಉಳಿದ ಗುಂಡಿಗೂ ಪಂಪ್‌ ಹಚ್ಚಿ ನೀರು ಖಾಲಿ ಮಾಡಿದರೆ ಮುಗಿಯಿತು, ಆ ಕೆರೆಯ ಕೊರವನ ಸಂತತಿಗೆ ಆಸರೆಯೇ ಇಲ್ಲ. ಒಂದು ಆಳದ ಮಡು ಕೂಣಿಗೆ ಸಿಗದಂತೆ ಬಿಡುವುದು, ಮೃಗಶಿರ ಮಳೆ ಕೂಡಿ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ತುಂಬಿದ ಮೇಲೆ ಬೇಟೆ ಕರೆಯದಿರುವುದು, ಇವೆರಡನ್ನು ಊರಿನ ಸಭೆಯೇ ಕಟ್ಟಳೆಯಾಗಿ ಮಾಡಬಹುದು. ಶುಲ್ಕ ಗೊತ್ತುಮಾಡುವ, ಸೂಚನೆ ಬರುವ ತನಕ ನೂರಾರು ಜನರನ್ನು ಏರಿಯ ಮೇಲೆ ನಿಲ್ಲಿಸುವ ಅಧಿಕಾರ ಆ ಸಭೆಗೆ ಈಗಲೂ ಇದೆ.

ಕೆರೆಬೇಟೆ ನೋಡಬೇಕೆನ್ನುವವರು ಏಪ್ರಿಲ್‌ನಿಂದಲೇ ಸೊರಬ, ಸಾಗರದ ಗೆಳೆಯರನ್ನು ಕೇಳುತ್ತಿರಬೇಕು, ಏಕೆಂದರೆ ದಿನ ಗೊತ್ತಾಗುವುದು ನೀರು ನೋಡಿಕೊಂಡು. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಹೊರಡುವ ಮೊದಲು ಇನ್ನೊಮ್ಮೆ ಫೋನ್‌ ಮಾಡಿ. ನೀರಿಗೆ ಇಳಿಯುವ ಮನಸ್ಸಿದ್ದರೆ ಚಪ್ಪಲಿ ದಡದಲ್ಲೇ ಬಿಡಿ, ಕೂಣಿಯನ್ನು ಅಲ್ಲಿಯವರಿಂದಲೇ ಕೇಳಿ ಪಡೆಯಿರಿ, ಒಳಗೆ ಕೈ ಹಾಕುವ ಮೊದಲು ಅದುರುತ್ತಿರುವುದು ಕೊರವನೋ ಮುರುಗೋಡೋ ಎಂದು ಪಕ್ಕದಲ್ಲಿರುವ ಹಿರಿಯರನ್ನು ವಿಚಾರಿಸಿ.