ಐರಿಷ್ ಪೂರ್ವಜರ ಶೋಧ: ತಪ್ಪು ಕಲ್ಪನೆ ಮತ್ತು ಸತ್ಯ

1845ರಿಂದ 1852ರವರೆಗೆ ಐರ್ಲೆಂಡನ್ನು ಪೀಡಿಸಿದ ಮಹಾಕ್ಷಾಮದಲ್ಲಿ, ಆಲೂಗಡ್ಡೆಯ ಬೆಳೆ ಹೊಲದಲ್ಲಿಯೇ ಕೊಳೆತು ಸುಮಾರು ಹತ್ತು ಲಕ್ಷ ಮಂದಿ ಮಡಿದರು. ಅದಕ್ಕೂ ಹೆಚ್ಚಿನ ಜನ ಹಡಗು ಹತ್ತಿ ಪರದೇಶಗಳ ಪಾಲಾದರು. ಅಂದು ಅಮೆರಿಕವನ್ನು ಸೇರಿದವರ ಸಂತತಿಯವರು ಇಂದು ಜನಗಣತಿಯ ಹಾಳೆಗಳನ್ನೂ ಡಿ.ಎನ್.ಎ. ಪರೀಕ್ಷೆಯನ್ನೂ ನೆಚ್ಚಿ ತಮ್ಮ ಕುಲಮೂಲವನ್ನು ಅರಸುತ್ತಿದ್ದಾರೆ. ಈ ಶ್ಲಾಘ್ಯವಾದ ಶೋಧಕ್ಕೆ ಅಡ್ಡಿಯಾಗಿರುವ ನಾಲ್ಕು ನಂಬಿಕೆಗಳನ್ನು ಇಲ್ಲಿ ಪರಿಶೀಲಿಸಬಹುದು.

ತಪ್ಪು ಕಲ್ಪನೆ: ಐರ್ಲೆಂಡಿನ ದಾಖಲೆಗಳೆಲ್ಲ 1922ರ ಬೆಂಕಿಯಲ್ಲಿ ಸುಟ್ಟುಹೋದವು, ಇನ್ನು ಹುಡುಕಿ ಫಲವಿಲ್ಲ.

ಸತ್ಯ: ಅಂತರ್ಯುದ್ಧದ ಮೊದಲ ದಿನಗಳಲ್ಲಿ, 1922ರ ಜೂನ್ 30ರಂದು, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ದಾಖಲೆ ಭಂಡಾರವು ಸ್ಫೋಟಕ್ಕೂ ಅಗ್ನಿಗೂ ಆಹುತಿಯಾಗಿ, 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಮೂಲಪತ್ರಗಳು ಬಹುಮಟ್ಟಿಗೆ ನಾಶವಾದುದು ದಿಟ. ಆದರೆ 1861 ಮತ್ತು 1871ರ ಪತ್ರಗಳನ್ನು ಸರ್ಕಾರವೇ ಎಂದೋ ನಾಶಪಡಿಸಿತ್ತು. 1881 ಮತ್ತು 1891ರವು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರದ್ದಿ ಕಾಗದವಾಗಿ ಹೋಗಿದ್ದವು. 1901 ಮತ್ತು 1911ರ ಗಣತಿಗಳು ಮಾತ್ರ ಉಳಿದುಬಂದು, ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ ಕೃಪೆಯಿಂದ ಯಾರಿಗಾದರೂ ಶುಲ್ಕವಿಲ್ಲದೆ ಲಭ್ಯವಾಗಿವೆ.

ಸುಟ್ಟ ಗಣತಿಗಳ ಚೂರುಗಳೂ ಅನಿರೀಕ್ಷಿತವಾದ ಒಂದೆಡೆಯಲ್ಲಿ ಉಳಿದಿವೆ. 1909ರ ಜನವರಿಯಿಂದ ಎಪ್ಪತ್ತು ತುಂಬಿದ ಬಡವರಿಗೆ ವೃದ್ಧಾಪ್ಯ ವೇತನ ಸಲ್ಲತೊಡಗಿದಾಗ, 1864ಕ್ಕೆ ಮುಂಚೆ ಜನನಗಳ ಸರ್ಕಾರಿ ನೋಂದಣಿಯೇ ಇರಲಿಲ್ಲವಾದ ಕಾರಣ, ಮುದುಕರು ತಮ್ಮ ವಯಸ್ಸನ್ನು ರುಜುವಾತುಪಡಿಸಲು 1841 ಮತ್ತು 1851ರ ಗಣತಿಯ ಕಡತಗಳನ್ನೇ ಶೋಧಿಸಬೇಕೆಂದು ಅರ್ಜಿ ಹಾಕಿಕೊಂಡರು. ತಂದೆತಾಯಿಯರ ಹೆಸರು, ಬಾಲ್ಯದಲ್ಲಿ ವಾಸವಾಗಿದ್ದ ಊರು, ಗುಮಾಸ್ತನಿಗೆ ಕಡತದಲ್ಲಿ ಕಂಡ ವಿವರ, ಇವಿಷ್ಟನ್ನೂ ಒಳಗೊಂಡ ಆ ಶೋಧಪತ್ರಗಳು ಮೂಲ ಕಡತಗಳು ಬೂದಿಯಾದ ಮೇಲೆಯೂ ಬದುಕಿವೆ. ಇವುಗಳ ಜೊತೆಗೆ, 1847ರಿಂದ 1864ರವರೆಗೆ ನಡೆದ ಗ್ರಿಫಿತ್ ಭೂಮೌಲ್ಯಮಾಪನದಲ್ಲಿ ಗೇಣಿದಾರರ ಹೆಸರುಗಳು ಊರೂರಿನ ಪ್ರಕಾರ ದೊರೆಯುತ್ತವೆ. ಇಗರ್ಜಿಗಳಲ್ಲಿಯೇ ಉಳಿದಿದ್ದ ಕ್ಯಾಥೊಲಿಕ್ ದೀಕ್ಷಾಸ್ನಾನದ ಪುಸ್ತಕಗಳನ್ನು ರಾಷ್ಟ್ರೀಯ ಗ್ರಂಥಾಲಯವು 2015ರಲ್ಲಿ ಅಂತರಜಾಲದಲ್ಲಿ ತೆರೆದಿಟ್ಟಿತು.

ತಪ್ಪು ಕಲ್ಪನೆ: ಎಲ್ಲಿಸ್ ದ್ವೀಪದ ಅಧಿಕಾರಿಗಳು ನಮ್ಮ ಮನೆತನದ ಹೆಸರನ್ನು ಬದಲಿಸಿದರು.

ಸತ್ಯ: ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದ ವಲಸೆ ಠಾಣೆ ತೆರೆದುದೇ 1892ರ ಜನವರಿ 1ರಂದು, ಕ್ಷಾಮಕಾಲದ ವಲಸೆಗಾರರು ಅದನ್ನು ಕಂಡವರೇ ಅಲ್ಲ. ಅನಂತರ ಬಂದವರ ವಿಷಯದಲ್ಲಿಯೂ, ಹಡಗು ಹೊರಟ ಬಂದರಿನಲ್ಲಿ ಸಿದ್ಧವಾದ ಪ್ರಯಾಣಿಕರ ಪಟ್ಟಿಯನ್ನು ಮುಂದಿಟ್ಟುಕೊಂಡು ವಿಚಾರಿಸುವುದಷ್ಟೇ ಅಲ್ಲಿನ ಅಧಿಕಾರಿಗಳ ಕೆಲಸವಾಗಿತ್ತು. ಹೆಸರಿನ ಮೊದಲಿನ ‘ಓ’, ‘ಮ್ಯಾಕ್’ಗಳು ಇಂಗ್ಲಿಷರ ಆಳ್ವಿಕೆಯ ಶತಮಾನಗಳಲ್ಲಿ ಐರ್ಲೆಂಡಿನಲ್ಲಿಯೇ ಬಹುವಾಗಿ ಉದುರಿದ್ದವು, ಗಣತಿದಾರರು ಕಿವಿಗೆ ಬಿದ್ದಂತೆ ಬರೆದುಕೊಂಡರು, ವಲಸೆಗಾರರು ತಾವಾಗಿಯೂ ಹೆಸರನ್ನು ಮಾರ್ಪಡಿಸಿಕೊಂಡರು. ಆದುದರಿಂದ ಓಸಲಿವನ್ ವಂಶದವರನ್ನು ಸಲಿವನ್ ಎಂಬಲ್ಲಿಯೂ ಹುಡುಕತಕ್ಕದ್ದು.

ತಪ್ಪು ಕಲ್ಪನೆ: ಹೆಸರೂ ವಯಸ್ಸೂ ಕೂಡಿಬಂದರೆ ಅವರೇ ನಮ್ಮ ಪೂರ್ವಜರು.

ಸತ್ಯ: ಅಮೆರಿಕದ ಗಣತಿಯು ಸ್ವತಂತ್ರರಾದ ಎಲ್ಲರ ಹೆಸರನ್ನೂ ಬರೆಯತೊಡಗಿದುದು 1850ರಲ್ಲಿ, ಅದರಲ್ಲಿ ಜನ್ಮಸ್ಥಳವೆಂದು ಸಾಮಾನ್ಯವಾಗಿ ‘ಐರ್ಲೆಂಡ್’ ಎಂದಷ್ಟೇ ಇರುತ್ತದೆ. ಮರ್ಫಿ, ಕೆಲ್ಲಿ ಎಂಬ ಹೆಸರಿನವರು ಸಾವಿರಾರು ಮಂದಿ ಇರುವಾಗ ಇಷ್ಟರಿಂದ ಏನನ್ನು ನಿರ್ಧರಿಸಲಾದೀತು? ವಯಸ್ಸಾದರೂ ಭದ್ರವಾದ ಆಧಾರವಲ್ಲ: 1901ರಿಂದ 1911ಕ್ಕೆ ಹತ್ತೇ ವರ್ಷ ಕಳೆದಿದ್ದರೂ ವೃದ್ಧಾಪ್ಯ ವೇತನ ಬಂದ ಮೇಲೆ ಐರ್ಲೆಂಡಿನ ಅನೇಕ ಹಿರಿಯರಿಗೆ ಅದಕ್ಕಿಂತ ಹೆಚ್ಚು ವಯಸ್ಸು ಏರಿರುವುದನ್ನು ಗಣತಿಯ ಹಾಳೆಗಳಲ್ಲಿಯೇ ಕಾಣಬಹುದು.

ಇದಕ್ಕೆ ಆನಿ ಮೂರ್ ಪ್ರಸಂಗಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಎಲ್ಲಿಸ್ ದ್ವೀಪದಲ್ಲಿ ಮೊತ್ತಮೊದಲು ನೋಂದಣಿಯಾದ ಈ ಕಾರ್ಕ್ ಕೌಂಟಿಯ ಬಾಲಿಕೆಯು ಮುಂದೆ ಟೆಕ್ಸಸ್ಸಿಗೆ ಹೋಗಿ 1923ರಲ್ಲಿ ಟ್ರ್ಯಾಮ್ ಅಪಘಾತದಲ್ಲಿ ತೀರಿಕೊಂಡಳೆಂದು ದಶಕಗಳ ಕಾಲ ಜನ ನಂಬಿದ್ದರು. ವಂಶಶೋಧಕಿ ಮೇಗನ್ ಸ್ಮೊಲೆನ್ಯಾಕ್ ಅವರು ದಾಖಲೆಗಳನ್ನು ತುಲನೆ ಮಾಡಿ, ಟೆಕ್ಸಸ್ಸಿನ ಹೆಂಗಸು ಇಲಿನಾಯ್ಸಿನಲ್ಲಿಯೇ ಹುಟ್ಟಿದವಳೆಂದೂ, ನಿಜವಾದ ಆನಿ ನ್ಯೂಯಾರ್ಕಿನ ಬಡವರ ಬೀದಿಗಳಲ್ಲಿಯೇ ಸಂಸಾರ ನಡೆಸಿ 1924ರಲ್ಲಿ ಮೃತಳಾದಳೆಂದೂ 2006ರಲ್ಲಿ ತೋರಿಸಿಕೊಟ್ಟರು.

ತಪ್ಪು ಕಲ್ಪನೆ: ಡಿ.ಎನ್.ಎ. ಪರೀಕ್ಷೆಯ ಶೇಕಡಾವಾರು ಲೆಕ್ಕವೇ ನಮ್ಮ ಮೂಲವನ್ನು ಹೇಳುತ್ತದೆ.

ಸತ್ಯ: ‘ಇಷ್ಟು ಪಾಲು ಐರಿಷ್’ ಎಂಬುದು ಪರೀಕ್ಷಾ ಸಂಸ್ಥೆಯು ತನ್ನಲ್ಲಿರುವ ಮಾದರಿ ಗುಂಪುಗಳೊಡನೆ ಹೋಲಿಸಿ ಮಾಡಿದ ಅಂದಾಜು, ಮಾದರಿಗಳು ಬದಲಾದರೆ ಅಂಕೆಯೂ ಬದಲಾಗುತ್ತದೆ. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರುವುದು ನಿಯಮವಾದರೂ, ಯಾವ ಅರ್ಧ ಎಂಬುದು ಮಗುವಿನಿಂದ ಮಗುವಿಗೆ ಭಿನ್ನವಾಗಿರುವುದರಿಂದ ಒಡಹುಟ್ಟಿದವರ ಲೆಕ್ಕವೂ ಒಂದೇ ಆಗಿರಬೇಕಿಲ್ಲ. ಪರೀಕ್ಷೆಯ ನಿಜವಾದ ಪ್ರಯೋಜನವಿರುವುದು ಅದು ಒದಗಿಸುವ ಬಂಧುಗಳ ಪಟ್ಟಿಯಲ್ಲಿ. ಪರೀಕ್ಷೆ ಮಾಡಿಸಿಕೊಂಡ ಇಬ್ಬರಿಗೂ ಮುತ್ತಜ್ಜನ ತಂದೆತಾಯಿಯರು ಒಬ್ಬರೇ ಆಗಿದ್ದ ಪಕ್ಷದಲ್ಲಿ ಅಂಥ ಜೋಡಿಗಳ ಪೈಕಿ ಸುಮಾರು ಶೇಕಡಾ 90ರಷ್ಟರಲ್ಲಿ ಪತ್ತೆಹಚ್ಚಬಹುದಾದ ಹೊಂದಾಣಿಕೆ ಇರುತ್ತದೆ. ಇನ್ನೊಂದು ತಲೆಮಾರು ಹಿಂದೆ ಸರಿದರೆ ಅದು ಅರ್ಧಕ್ಕೆ ಇಳಿಯುತ್ತದೆ. ಹೊಂದಾಣಿಕೆ ಕಾಣಲಿಲ್ಲವೆಂದು ದೂರದ ನೆಂಟಸ್ತಿಕೆಯನ್ನು ಅಲ್ಲಗಳೆಯಲಾಗದೆಂಬುದು ಇದರಿಂದ ವಿದಿತವಾಗುತ್ತದೆ.

ಹೀಗಿರುವಲ್ಲಿ, ಶೋಧವನ್ನು ವಲಸೆಗಾರನು ಬಂದು ನೆಲೆಸಿದ ಊರಿನಿಂದಲೇ ಆರಂಭಿಸುವುದು ಲೇಸು. ಮದುವೆಯ ದಾಖಲೆ, ಪೌರತ್ವದ ಪತ್ರ, ಗೋರಿಕಲ್ಲು, ದೀಕ್ಷಾಸ್ನಾನಕ್ಕೆ ಸಾಕ್ಷಿಯಾಗಿ ನಿಂತ ನೆರೆಯವರ ಹೆಸರು, ಇವುಗಳಲ್ಲಿ ಎಲ್ಲಿಯಾದರೂ ಅವನ ಕೌಂಟಿಯೋ ಪ್ಯಾರಿಷ್ಷೋ ಸಿಕ್ಕ ಬಳಿಕ ಐರ್ಲೆಂಡಿನ ಕಡತಗಳನ್ನು ತೆರೆಯಬೇಕು. ಕಾಗದವು ಹೇಳಿದುದನ್ನು ಡಿ.ಎನ್.ಎ. ಬಂಧುಗಳ ವಂಶಾವಳಿಯೊಡನೆ ತಾಳೆನೋಡಬೇಕು. ಎರಡೂ ಒಪ್ಪಿದಾಗ ಮಾತ್ರ ಒಬ್ಬನ ಹೆಸರನ್ನು ವಂಶವೃಕ್ಷದಲ್ಲಿ ಬರೆಯುವುದು ನ್ಯಾಯ; ಏಕೆಂದರೆ ಹಸಿವಿನಿಂದ ಊರು ಬಿಟ್ಟವನ ಸ್ಥಾನದಲ್ಲಿ ಹೆಸರು ಕೂಡಿತೆಂಬ ಒಂದೇ ಕಾರಣಕ್ಕೆ ಅಪರಿಚಿತನನ್ನು ನಿಲ್ಲಿಸುವುದು ಆ ಇಬ್ಬರಿಗೂ ಮಾಡುವ ಅನ್ಯಾಯ.