ಪುದೀನ ಕುಡಿಯುವ ನೀರು

ಪುದೀನವು ಪಲಾವಿನಲ್ಲಿ ಬೇಯುತ್ತದೆ. ಹಸಿ ಚಟ್ನಿಯಲ್ಲಿ, ಮಜ್ಜಿಗೆಯಲ್ಲಿ, ಪಾನಕದಲ್ಲಿ ಬೇಯುವುದಿಲ್ಲ. ಅಲ್ಲಿ ಎಲೆಗೆ ಹತ್ತಿದ ಹೊಲಸು ತೊಳೆದಷ್ಟು ಹೋಗಿ, ಉಳಿದುದು ನೇರವಾಗಿ ನಮ್ಮ ಮಕ್ಕಳ ಬಾಯಿ ಸೇರುತ್ತದೆ. ಆದುದರಿಂದ ಈ ಸೊಪ್ಪನ್ನು ಮನೆಯಲ್ಲಿಯೇ ಬೆಳೆದುಕೊಳ್ಳಿರೆಂದು ಹೇಳುವಾಗ ನಾನು ಮುಖ್ಯವಾಗಿ ನೀರಿನ ಮಾತನ್ನೇ ಆಡುತ್ತಿದ್ದೇನೆ.

ಬೆಂಗಳೂರಿನ ಸುತ್ತ ಕೊಳಚೆ ಬೆರೆತ ನೀರಿನಿಂದ ಬೆಳೆ ತೆಗೆಯುವುದು ಹೊಸತಲ್ಲ. ವೃಷಭಾವತಿಯು ನಗರದ ಹೊಲಸನ್ನು ಹೊತ್ತು ಬೈರಮಂಗಲದ ಕೆರೆ ಸೇರುವುದನ್ನು ಎಲ್ಲರೂ ಬಲ್ಲರು. ನಮ್ಮ ಹೆಬ್ಬಾಳ-ನಾಗವಾರ ಕಣಿವೆಯ ನೀರನ್ನಾದರೋ ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರಗಳ ಕೆರೆಗಳಿಗೆ ಹರಿಸುತ್ತಾರೆ. ಅದರ ಉದ್ದೇಶ ಅಂತರ್ಜಲದ ವೃದ್ಧಿಯೇ ಹೊರತು ಹಸಿಯಾಗಿ ತಿನ್ನುವ ಸೊಪ್ಪಿಗೆ ಹಾಯಿಸುವುದಲ್ಲ. ಬೀದಿಯಲ್ಲಿ ಕೊಂಡ ಕಟ್ಟು ಯಾವ ನೀರಿನದೆಂಬುದು ಎಷ್ಟೋ ವೇಳೆ ಮಾರುವಾಕೆಗೂ ತಿಳಿಯದು. ಅವಳ ಮೇಲೆ ದೋಷ ಹೊರಿಸುವುದು ತರವಲ್ಲ.

ಆ ಕಟ್ಟಿನಲ್ಲಿಯೇ ನಮ್ಮ ಗಿಡವೂ ಅಡಗಿದೆ. ಬೀಜವನ್ನು ಅರಸಬೇಕಿಲ್ಲ, ಬೀಜದಿಂದ ಹುಟ್ಟಿದ ಪುದೀನಕ್ಕೆ ತಾಯಿಗಿಡದ ಪರಿಮಳವೇ ಬರುವುದೆಂಬ ಭರವಸೆಯಿಲ್ಲ. ಬಲಿತ ದಂಟುಗಳನ್ನು ನಾಲ್ಕಾರು ಅಂಗುಲಕ್ಕೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಲೋಟದ ನೀರಿನಲ್ಲಿ ನಿಲ್ಲಿಸಿದರೆ ವಾರ ಹತ್ತು ದಿನಗಳಲ್ಲಿ ಗೆಣ್ಣುಗಳಿಂದ ಬೇರು ಇಳಿಯುತ್ತದೆ. ಅನಂತರ ಕುಂಡಕ್ಕೆ. ಆಳಕ್ಕಿಂತ ಅಗಲ ಮುಖ್ಯ, ಏಕೆಂದರೆ ಇದು ಮಣ್ಣಿನ ಮೇಲ್ಪದರದಲ್ಲಿ ಹಬ್ಬುವ ಜಾತಿ. ನೆಲದಲ್ಲಿ ನೆಟ್ಟರೆ ನೆರೆಯ ಗಿಡಗಳ ಎಡೆಯನ್ನೂ ಆಕ್ರಮಿಸುತ್ತದೆ.

ಪುದೀನವು ತುಳಸಿ, ದೊಡ್ಡಪತ್ರೆಗಳ ಬಂಧು. ಚೌಕನೆಯ ದಂಟು, ಎದುರುಬದುರು ಎಲೆಗಳನ್ನು ನೋಡಿದರೆ ಈ ನಂಟು ತಿಳಿಯುತ್ತದೆ. ಯಲಹಂಕದ ಬಳಿಯ ಅಲ್ಲಾಳಸಂದ್ರದಲ್ಲಿ ಲಖನೌದ ಸೀಮ್ಯಾಪ್ ಸಂಸ್ಥೆಯ ಶಾಖೆಯಿದೆ. ಔಷಧೀಯ ಹಾಗೂ ಸುಗಂಧ ಸಸ್ಯಗಳ ಈ ಸಂಸ್ಥೆಯು ಹೊರತಂದ ಕೋಸಿ, ಹಿಮಾಲಯ ಮೊದಲಾದ ತಳಿಗಳು ನೋವಿನ ಮುಲಾಮಿಗೆ ಬೇಕಾದ ಮೆಂಥಾಲ್ ತೆಗೆಯುವ ಬೇರೆ ಪುದೀನದವು. ಅವು ಚಟ್ನಿಗೆ ಒಗ್ಗವು. ಸಸಿ ಕೊಳ್ಳುವವರು ಕೇಳಿ ಕೊಳ್ಳುವುದು ಲೇಸು.

ಇನ್ನು ನಾವು ಉಣಿಸುವ ನೀರು. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5000 ರೂಪಾಯಿ ದಂಡ ಗೊತ್ತುಪಡಿಸಿದುದನ್ನು ಆರ್.ಟಿ. ನಗರದ, ಯಶವಂತಪುರದ ಗೃಹಿಣಿಯರು ಮರೆತಿರಲಾರರು. ಪುದೀನವೋ ಬಾಯಾರಿಕೆಯ ಗಿಡ, ಮಣ್ಣು ಪೂರ್ತಿ ಒಣಗಿದರೆ ಸೊರಗುತ್ತದೆ. ಆದರೆ ಒಂದು ಕುಂಡಕ್ಕೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಧಾರಾಳವಾಗಿ ಸಾಲುತ್ತದೆ. ಸೊಪ್ಪನ್ನು ಉಪ್ಪುನೀರಿನಲ್ಲಿ ನೆನೆಸುವ ರೂಢಿಯಿದ್ದಲ್ಲಿ ಆ ನೀರು ಮಾತ್ರ ಬೇಡ. ಪಾತ್ರೆ ತೊಳೆದ ಸಾಬೂನು ನೀರೂ ಬೇಡ. ಹಸಿಯಾಗಿ ತಿನ್ನುವ ಎಲೆಗೆ ಬಚ್ಚಲ ನೀರನ್ನು ಹೊಯ್ದರೆ, ಹೊರಗಿನ ಕೊಳಚೆಯನ್ನು ದೂರಲು ನಮಗೇನು ಹಕ್ಕಿದೆ? ನೀರನ್ನು ಎಲೆಯ ಮೇಲಲ್ಲ, ಬುಡಕ್ಕೆ ಹಾಕಬೇಕು.

ಬೆಳಗಿನ ಮೂರು ನಾಲ್ಕು ಗಂಟೆಯ ಬಿಸಿಲು ಸಾಕು. ಏಪ್ರಿಲ್‌ನ ಮಧ್ಯಾಹ್ನ ತಾರಸಿಯ ಕುಂಡವನ್ನು ನೆರಳಿಗೆ ಸರಿಸಬೇಕು. ಒಂದೊಂದೇ ಎಲೆ ಚಿವುಟುವುದಕ್ಕಿಂತ ಬುಡದಿಂದ ಎರಡಂಗುಲ ಬಿಟ್ಟು ದಂಟನ್ನೇ ಕೊಯ್ದರೆ ಹೊಸ ಚಿಗುರು ದಟ್ಟವಾಗಿ ಏಳುತ್ತದೆ. ಮಳೆಗಾಲದಲ್ಲಿ ಎಲೆಯಡಿ ಕಂದು ಪುಡಿ ಕಂಡರೆ ಅದು ತುಕ್ಕು ರೋಗ. ಆ ದಂಟುಗಳನ್ನು ಕೊಯ್ದು ದೂರ ಎಸೆಯಿರಿ. ವರ್ಷಕ್ಕೊಮ್ಮೆ ಬೇರು ಕುಂಡ ತುಂಬಿ ಹೆಣೆದುಕೊಂಡಾಗ ಗಿಡವನ್ನು ಕಿತ್ತು, ಒಂದು ಪಾಲನ್ನು ಹೊಸ ಮಣ್ಣಿಗೆ ನೆಟ್ಟು, ಉಳಿದುದನ್ನು ಪಕ್ಕದ ಮನೆಗೆ ಕೊಡಬಹುದು.